ಕಾಲ್ಟನ್ ಗುಡ್ಡದ ಬಿಸಿಲು: ಎಡಿನ್‌ಬರೊ ನಗರದಲ್ಲಿ ಹೊರಾಂಗಣ ಭಾವಚಿತ್ರದ ಮೊದಲ ದಿನಗಳು

ಛಾಯಾಗ್ರಹಣ ಹುಟ್ಟಿದ ಹೊಸದರಲ್ಲಿ ಯಾರದಾದರೂ ಭಾವಚಿತ್ರ ತೆಗೆಯಬೇಕಾದರೆ ಅವರನ್ನು ಬಿಸಿಲಿಗೆ ಕರೆತರಬೇಕಿತ್ತು. ವಿದ್ಯುದ್ದೀಪ ಇನ್ನೂ ಬಂದಿರಲಿಲ್ಲ. ಎಣ್ಣೆದೀಪ, ಗ್ಯಾಸ್ ದೀಪಗಳ ಹಳದಿ ಬೆಳಕಿಗೆ ಆಗಿನ ರಾಸಾಯನಿಕಗಳು ಜಗ್ಗುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂರಿಸಿದರೂ ಬೆಳಕು ಸಾಲುತ್ತಿರಲಿಲ್ಲ. ಹಾಗಾಗಿ ಎಲ್ಲಿ ಕೂರಿಸಬೇಕು, ಯಾವ ಹೊತ್ತಿನಲ್ಲಿ ಕೂರಿಸಬೇಕು, ಬೆನ್ನ ಹಿಂದೆ ಏನಿರಬೇಕು ಎಂಬುದನ್ನು ಗೊತ್ತು ಮಾಡಿಕೊಳ್ಳುವುದೇ ಛಾಯಾಗ್ರಾಹಕನ ಅರ್ಧ ಕಸುಬಾಗಿತ್ತು. ಆ ಅರ್ಧ ಕಸುಬನ್ನು ಚಿತ್ರಕಾರನ ಕಣ್ಣಿನಿಂದ ನೋಡಿ ಕಲೆಯ ಮಟ್ಟಕ್ಕೇರಿಸಿದ ಮೊದಲ ಊರುಗಳಲ್ಲಿ ಸ್ಕಾಟ್ಲೆಂಡ್‌ನ ರಾಜಧಾನಿ ಎಡಿನ್‌ಬರೊಗೆ ಅಗ್ರಸ್ಥಾನ. 1843ರಿಂದ 1847ರವರೆಗೆ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್‌ಸನ್ ಎಂಬ ಇಬ್ಬರು ಅಲ್ಲಿ ಜೊತೆಗೂಡಿ ಸುಮಾರು 3000 ಚಿತ್ರಗಳನ್ನು ತೆಗೆದರು. ಅವುಗಳಲ್ಲಿ ಹೆಸರಾದವುಗಳಿಗೆ ನೆಲೆಯಾದದ್ದು ಮುಖ್ಯವಾಗಿ ಮೂರು ಜಾಗ: ಒಂದು ಮನೆಯ ಹಿತ್ತಲು, ಒಂದು ಹಳೆಯ ಸ್ಮಶಾನ, ಒಂದು ಮೀನುಗಾರರ ಹಳ್ಳಿ.

ಎಡಿನ್‌ಬರೊ ಬಹುಕಾಲದಿಂದ ವಿದ್ಯೆಯ ಊರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಶುರುವಾದದ್ದು 1583ರಲ್ಲಿ. ಹದಿನೆಂಟನೆಯ ಶತಮಾನಕ್ಕೆ ಬರುವ ಹೊತ್ತಿಗೆ ವೈದ್ಯಶಾಸ್ತ್ರ, ಕಾನೂನು, ದೇವತಾಶಾಸ್ತ್ರಗಳಿಗಾಗಿ ದೂರದೇಶಗಳಿಂದಲೂ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಬಂಡೆಯ ಮೇಲಿನ ಕೋಟೆಯಿಂದ ಇಳಿಜಾರಾಗಿ ಇಳಿಯುವ ಹಳೆಯ ಊರು, ಕಣಿವೆಯಾಚೆ 1767ರ ನಕಾಶೆಯಂತೆ ಕಟ್ಟಿದ ಹೊಸ ಊರು, ನಡುವೆ ಅಲ್ಲಲ್ಲಿ ತಲೆಯೆತ್ತಿದ ಗುಡ್ಡಗಳು. ನೋಡಲು ಇದಕ್ಕಿಂತ ಚೆಂದದ ಊರು ಸಿಗುವುದು ಕಷ್ಟ. ಛಾಯಾಗ್ರಾಹಕನಿಗೆ ಮಾತ್ರ ಅದು ಸುಲಭದ ಊರಾಗಿರಲಿಲ್ಲ. ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದ ಈ ನಗರದಲ್ಲಿ ಡಿಸೆಂಬರ್ ಹಗಲು ಏಳು ಗಂಟೆಯಷ್ಟು ಮಾತ್ರ, ಅದರಲ್ಲೂ ಸೂರ್ಯ ಮೇಲೇರುವುದೇ ಇಲ್ಲ. ಸಮುದ್ರದಿಂದ ಮಂಜು ಬರುತ್ತದೆ, ಗಾಳಿ ಸದಾ ಬೀಸುತ್ತದೆ. ಆಗ ಸಾವಿರಾರು ಒಲೆಗಳ ಕಲ್ಲಿದ್ದಲ ಹೊಗೆ ಹಳೆಯ ಊರಿನ ಮೇಲೆ ಕವಿದಿರುತ್ತಿತ್ತು. ಬೀದಿಗಳು ಇಕ್ಕಟ್ಟು, ಮನೆಗಳು ಎತ್ತರ. ಓಣಿಗಳಿಗೆ ಮಧ್ಯಾಹ್ನದಲ್ಲೂ ಬಿಸಿಲು ಇಳಿಯುತ್ತಿರಲಿಲ್ಲ.

ಕಸುಬಿನ ಬೇರು ಇನ್ನೊಂದು ವಿದ್ಯಾನಗರಿಯಲ್ಲಿದೆ. ಎಡಿನ್‌ಬರೊದ ಉತ್ತರಕ್ಕೆ, ಕಡಲ ದಂಡೆಯ ಸೇಂಟ್ ಆಂಡ್ರ್ಯೂಸ್‌ನಲ್ಲಿ 1413ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ. 1840ರ ಸುಮಾರಿಗೆ ಅಲ್ಲಿನ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು ಬೆಳಕಿನ ವಿಜ್ಞಾನದಲ್ಲಿ ಹೆಸರು ಮಾಡಿದ ಸರ್ ಡೇವಿಡ್ ಬ್ರೂಸ್ಟರ್. ಕಾಗದದ ಮೇಲೆ ನೆಗೆಟಿವ್ ತೆಗೆಯುವ ಕ್ಯಾಲೊಟೈಪ್ ವಿಧಾನವನ್ನು ಕಂಡುಹಿಡಿದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಅವರ ಸ್ನೇಹಿತ. ಟಾಲ್ಬಟ್ 1841ರಲ್ಲಿ ಇಂಗ್ಲೆಂಡ್‌ನಲ್ಲಿ ಪೇಟೆಂಟ್ ಪಡೆದು, ಅದನ್ನು ಬಳಸುವವರಿಂದ ಶುಲ್ಕ ಕೇಳತೊಡಗಿದ. ಸ್ಕಾಟ್ಲೆಂಡ್‌ಗೆ ಆ ಪೇಟೆಂಟ್ ಅನ್ವಯಿಸಲಿಲ್ಲ. ಈ ಒಂದು ಸಂಗತಿ ಮುಂದಿನದಕ್ಕೆಲ್ಲ ದಾರಿ ಮಾಡಿಕೊಟ್ಟಿತು: ಲಂಡನ್ನಿನಲ್ಲಿ ದುಡ್ಡು ಕಟ್ಟಿ ಮಾಡಬೇಕಾದ ಕೆಲಸವನ್ನು ಎಡಿನ್‌ಬರೊದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಮಾಡಬಹುದಿತ್ತು. ಬ್ರೂಸ್ಟರ್ ತಮಗೆ ಬಂದ ಮಾಹಿತಿಯನ್ನು ಊರಿನ ಆಸಕ್ತರ ಜೊತೆ ಹಂಚಿಕೊಂಡರು. ಭಾರತದಲ್ಲಿ ಬಂಗಾಳ ಫಿರಂಗಿದಳದ ಸೇವೆ ಮುಗಿಸಿ ಬಂದಿದ್ದ ಹ್ಯೂ ಲಯನ್ ಪ್ಲೇಫೇರ್ ಅವರಲ್ಲಿ ಒಬ್ಬರು. ವೈದ್ಯ ಜಾನ್ ಆಡಮ್‌ಸನ್ ಇನ್ನೊಬ್ಬರು. ಜಾನ್ 1840ರ ದಶಕದ ಆರಂಭದಲ್ಲಿ ತೆಗೆದ ತಮ್ಮ ತಂಗಿಯ ಚಿತ್ರವನ್ನು ಸ್ಕಾಟ್ಲೆಂಡ್‌ನ ಮೊದಲ ಕ್ಯಾಲೊಟೈಪ್ ಭಾವಚಿತ್ರಗಳ ಸಾಲಿನಲ್ಲಿ ಎಣಿಸುತ್ತಾರೆ. ಎಂಜಿನಿಯರಿಂಗ್ ಕೆಲಸ ಕಲಿಯಲು ಹೋಗಿ, ಆರೋಗ್ಯ ಕೈಕೊಟ್ಟದ್ದರಿಂದ ಅದನ್ನು ಬಿಟ್ಟಿದ್ದ ತಮ್ಮ ರಾಬರ್ಟ್‌ನಿಗೆ ಈ ವಿದ್ಯೆ ಕಲಿಸಿದವರೂ ಅವರೇ.

ಜಾಗದ ಆಯ್ಕೆ ಏಕೆ ಅಷ್ಟು ಮುಖ್ಯವಾಯಿತೆಂದು ತಿಳಿಯಲು ಕ್ಯಾಲೊಟೈಪ್‌ನ ಕ್ರಮವನ್ನು ಸ್ವಲ್ಪ ನೋಡಬೇಕು. ಒಳ್ಳೆಯ ಬರೆಯುವ ಕಾಗದಕ್ಕೆ ಮೊದಲು ಸಿಲ್ವರ್ ನೈಟ್ರೇಟ್, ಆಮೇಲೆ ಪೊಟ್ಯಾಸಿಯಂ ಅಯೋಡೈಡ್ ಹಿಡಿಸಿ ಒಣಗಿಸುತ್ತಿದ್ದರು. ಚಿತ್ರ ತೆಗೆಯುವ ಮುನ್ನ ಅದಕ್ಕೆ ಗ್ಯಾಲಿಕ್ ಆಮ್ಲ ಬೆರೆಸಿದ ಬೆಳ್ಳಿಯ ದ್ರಾವಣ ಸವರಿ, ಕ್ಯಾಮೆರಾದೊಳಗೆ ಇಟ್ಟು, ಲೆನ್ಸಿನ ಮುಚ್ಚಳ ತೆಗೆದು ಕಾಯಬೇಕು. ಒಳ್ಳೆಯ ಬಿಸಿಲಿದ್ದರೆ ಅರ್ಧ ನಿಮಿಷದಿಂದ ಒಂದೆರಡು ನಿಮಿಷ, ಮೋಡವಿದ್ದರೆ ಇನ್ನೂ ಹೆಚ್ಚು. ಅಷ್ಟು ಹೊತ್ತೂ ಕೂತವರು ಅಲುಗಾಡುವಂತಿಲ್ಲ. ಆಮೇಲೆ ಕತ್ತಲೆಕೋಣೆಯಲ್ಲಿ ಅದೇ ದ್ರಾವಣದಿಂದ ಚಿತ್ರ ಮೂಡಿಸಿ, ಆ ಕಾಗದದ ನೆಗೆಟಿವ್ ಅನ್ನು ಉಪ್ಪು ಮತ್ತು ಬೆಳ್ಳಿ ಹಿಡಿಸಿದ ಇನ್ನೊಂದು ಹಾಳೆಯ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಪ್ರಿಂಟ್ ಸಿದ್ಧ. ಹೀಗೆ ಚಿತ್ರ ತೆಗೆಯಲಿಕ್ಕೂ ಸೂರ್ಯ ಬೇಕು, ಅಚ್ಚಿಳಿಸಲಿಕ್ಕೂ ಸೂರ್ಯ ಬೇಕು.

ಈ ಕಾಗದಕ್ಕೆ ಎಲ್ಲ ಬಣ್ಣಗಳೂ ಒಂದೇ ಸಮ ಕಾಣುತ್ತಿರಲಿಲ್ಲ. ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿತ್ತು. ಕೆಂಪು, ಹಸಿರುಗಳಿಗೆ ಬಲು ನಿಧಾನ. ಇದರ ಪರಿಣಾಮ ಜಾಗದ ಆಯ್ಕೆಯ ಮೇಲೆ ನೇರವಾಗಿ ಬಿತ್ತು. ಬಯಲಲ್ಲಿ ನಿಲ್ಲಿಸಿದರೆ ಹಿಂದಿನ ಆಕಾಶ ಬರೀ ಬಿಳಿಯ ಹಾಳೆಯಾಗಿ ಉಳಿಯುತ್ತಿತ್ತು. ಗಿಡಮರಗಳ ಮುಂದೆ ನಿಲ್ಲಿಸಿದರೆ ಎಲೆಗಳು ಕಪ್ಪಗಾಗಿ, ಗಾಳಿಗೆ ಅಲುಗಿ, ಮಸಿ ಕದಡಿದಂತಾಗುತ್ತಿತ್ತು. ಬಿಸಿಲಿಗೆ ಕೆಂಪಾದ ಮುಖಗಳು ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತಿದ್ದವು. ಅಲುಗಾಡದ, ಆಕಾಶ ಕಾಣಿಸದ, ಗಾಳಿ ತಡೆಯುವ, ಬೆಳಕನ್ನು ಹಿಡಿದು ಹಿಂದಕ್ಕೆ ಚೆಲ್ಲುವ ಹಿನ್ನೆಲೆ ಬೇಕೆಂದರೆ ಕಲ್ಲಿನ ಗೋಡೆಗಿಂತ ಮೇಲಾದದ್ದು ಇನ್ನೊಂದಿರಲಿಲ್ಲ. ಎಡಿನ್‌ಬರೊ ಕಟ್ಟಿರುವುದೇ ಕಲ್ಲಿನಲ್ಲಿ.

ಹಿಲ್ ಮತ್ತು ಆಡಮ್‌ಸನ್‌ಗಿಂತ ಮೊದಲೇ ನಗರದಲ್ಲಿ ಭಾವಚಿತ್ರದ ವ್ಯಾಪಾರ ಶುರುವಾಗಿತ್ತು. ಜೇಮ್ಸ್ ಹೋವಿ ಎಂಬಾತ 1841ರ ಹೊತ್ತಿಗೆ ಪ್ರಿನ್ಸೆಸ್ ಸ್ಟ್ರೀಟ್‌ನ ಕಟ್ಟಡವೊಂದರ ಛಾವಣಿಯ ಮೇಲೆ ಡಗೆರೊಟೈಪ್, ಅಂದರೆ ಲೋಹದ ತಟ್ಟೆಯ ಮೇಲಿನ ಛಾಯಾಚಿತ್ರ, ತೆಗೆಯುತ್ತಿದ್ದ. ಗಿರಾಕಿಗಳು ಮೆಟ್ಟಿಲು ಹತ್ತಿ, ಮೇಲೆ ಏಣಿ ಏರಿ, ಬಯಲು ಛಾವಣಿಯ ಮೇಲಿನ ಕುರ್ಚಿಯಲ್ಲಿ ಕೂರಬೇಕಿತ್ತು. ಬೆಳಕಿನ ಮಟ್ಟಿಗೆ ಅದು ಸರಿಯಾದ ಆಯ್ಕೆಯೇ. ಹೊಗೆ, ನೆರಳುಗಳಿಂದ ಪಾರಾಗಲು ಮೇಲಕ್ಕೆ ಹೋಗುವುದು ಒಂದೇ ದಾರಿ. ಆದರೆ ಛಾವಣಿಗೆ ತನ್ನದೇ ಆದ ಯಾವ ಚಹರೆಯೂ ಇರಲಿಲ್ಲ. ಅಲ್ಲಿ ಕೂತ ಮನುಷ್ಯನಿಗೂ ಆ ಜಾಗಕ್ಕೂ ಸಂಬಂಧವಿರಲಿಲ್ಲ.

1843ರ ಮೇ ತಿಂಗಳಲ್ಲಿ ಎರಡು ಘಟನೆಗಳು ಒಂದರ ಹಿಂದೊಂದು ನಡೆದವು. ತಿಂಗಳ ಮೊದಲ ಭಾಗದಲ್ಲಿ ಇಪ್ಪತ್ತೆರಡರ ಹರೆಯದ ರಾಬರ್ಟ್ ಆಡಮ್‌ಸನ್ ಎಡಿನ್‌ಬರೊಗೆ ಬಂದು ಕಾಲ್ಟನ್ ಗುಡ್ಡದ ರಾಕ್ ಹೌಸ್ ಎಂಬ ಮನೆಯಲ್ಲಿ ಕ್ಯಾಲೊಟೈಪ್ ಸ್ಟುಡಿಯೋ ತೆರೆದ. ಮೇ 18ರಂದು ಚರ್ಚ್ ಆಫ್ ಸ್ಕಾಟ್ಲೆಂಡ್ ಒಡೆಯಿತು. ಚರ್ಚಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನ್ದಾರರದೋ ಊರ ಸಭೆಯದೋ ಎಂಬ ವಿವಾದ ಬಹಳ ವರ್ಷಗಳಿಂದ ಕುದಿಯುತ್ತಿತ್ತು. ಅಂದು ಮಹಾಸಭೆಯಿಂದ ಪಾದ್ರಿಗಳು ಹೊರನಡೆದು, ಕ್ಯಾನನ್‌ಮಿಲ್ಸ್ ಬಡಾವಣೆಯ ಟ್ಯಾನ್‌ಫೀಲ್ಡ್ ಸಭಾಂಗಣಕ್ಕೆ ಹೋಗಿ ಸ್ವತಂತ್ರ ಚರ್ಚನ್ನು ಸ್ಥಾಪಿಸಿದರು. ಕೆಲಸ ಬಿಟ್ಟವರ ಸಂಖ್ಯೆ 450ಕ್ಕೂ ಹೆಚ್ಚು. ಸಂಬಳ, ಮನೆ ಎರಡನ್ನೂ ಮನಸ್ಸಾಕ್ಷಿಗಾಗಿ ತೊರೆದ ಈ ಘಟನೆ ಸ್ಕಾಟ್ಲೆಂಡನ್ನೇ ಅಲುಗಿಸಿತು.

ಪ್ರಕೃತಿಚಿತ್ರಗಳಿಗೆ ಹೆಸರಾಗಿದ್ದ, ಸ್ಕಾಟಿಷ್ ಕಲಾ ಅಕಾಡೆಮಿಯ ಕಾರ್ಯದರ್ಶಿಯೂ ಆಗಿದ್ದ ಹಿಲ್ ಅದನ್ನು ಕಣ್ಣಾರೆ ಕಂಡು, ಸೇರಿದ್ದ ಎಲ್ಲರ ಮುಖವನ್ನೂ ಒಂದೇ ಬೃಹತ್ ಚಿತ್ರದಲ್ಲಿ ಮೂಡಿಸುವ ಪಣ ತೊಟ್ಟರು. ನೂರಾರು ಮುಖಗಳನ್ನು ಒಂದೊಂದಾಗಿ ಬರೆದುಕೊಳ್ಳುವಷ್ಟರಲ್ಲಿ ಪಾದ್ರಿಗಳೆಲ್ಲ ತಮ್ಮ ತಮ್ಮ ಊರು ಸೇರಿರುತ್ತಾರೆ. ಹೊಸ ಚರ್ಚಿನ ಕಡೆಗೇ ಇದ್ದ ಬ್ರೂಸ್ಟರ್, ಕ್ಯಾಮೆರಾದ ಸಹಾಯ ಪಡೆಯುವಂತೆ ಹೇಳಿ ಹಿಲ್‌ರನ್ನು ಆಡಮ್‌ಸನ್‌ಗೆ ಪರಿಚಯಿಸಿದರು. ಚಿತ್ರಕ್ಕೆ ಟಿಪ್ಪಣಿಯಂತೆ ಶುರುವಾದ ಕೆಲಸ ಕೆಲವೇ ವಾರಗಳಲ್ಲಿ ತನ್ನದೇ ಕಲೆಯಾಗಿ ಬೆಳೆಯಿತು. ಆಡಮ್‌ಸನ್ ಕ್ಯಾಮೆರಾ ಮತ್ತು ರಾಸಾಯನಿಕಗಳನ್ನು ನೋಡಿಕೊಂಡರೆ, ಕೂರಿಸುವುದು, ನಿಲ್ಲಿಸುವುದು, ಕೈಯ ಭಂಗಿ, ಬೆಳಕಿನ ದಿಕ್ಕು ಹಿಲ್‌ರ ಪಾಲಿಗೆ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅಂಥ ಗೆರೆ ಎಳೆಯುವುದು ಆಡಮ್‌ಸನ್‌ಗೆ ಮಾಡುವ ಅನ್ಯಾಯ. ಹಿಲ್ ಮುಂದೆ ಬೇರೆಯವರ ಜೊತೆ ತೆಗೆದ ಚಿತ್ರಗಳಲ್ಲಿ ಈ ಕಳೆ ಎಲ್ಲೂ ಬರಲಿಲ್ಲ.

ರಾಕ್ ಹೌಸ್ ಇದ್ದ ಜಾಗವೇ ಒಂದು ಜಾಣ ಆಯ್ಕೆ. ಕಾಲ್ಟನ್ ಗುಡ್ಡ ನಗರದ ಮಧ್ಯದಲ್ಲಿದ್ದು ಸುಮಾರು 100 ಮೀಟರ್ ಎತ್ತರವಿದೆ. ಅದರ ಇಳಿಜಾರಿನಲ್ಲಿ, ರಸ್ತೆಯಿಂದ ಮೆಟ್ಟಿಲು ಹತ್ತಿ ತಲುಪಬೇಕಾದ ಮನೆ ಅದು. ಪ್ರಿನ್ಸೆಸ್ ಸ್ಟ್ರೀಟ್‌ನಿಂದ ಕೆಲವೇ ನಿಮಿಷದ ನಡಿಗೆಯಾದ್ದರಿಂದ ಬರುವವರಿಗೆ ತೊಂದರೆಯಿಲ್ಲ; ಬೀದಿಯ ಕಣ್ಣಿಗೆ ಮರೆಯಾಗಿದ್ದರಿಂದ ನಿಂತು ನೋಡುವವರ ಕಾಟವೂ ಇಲ್ಲ. ಊರ ಹೊಗೆಗಿಂತ ಮೇಲಿದ್ದು, ದಕ್ಷಿಣದ ಬಿಸಿಲು ಬೀಳುವ ಹಿತ್ತಲಿಗೆ ಮನೆಯ ಗೋಡೆಯೇ ಗಾಳಿಯ ತಡೆ. ಗುಡ್ಡದ ನೆತ್ತಿಯ ಮೇಲೆ ವೀಕ್ಷಣಾಲಯವಿತ್ತು, ಅಥೆನ್ಸಿನ ಪಾರ್ಥೆನಾನ್ ಮಾದರಿಯಲ್ಲಿ ಶುರುವಾಗಿ ಹಣ ಸಾಲದೆ ಹನ್ನೆರಡು ಕಂಬಗಳಿಗೇ ನಿಂತುಹೋದ ರಾಷ್ಟ್ರೀಯ ಸ್ಮಾರಕವಿತ್ತು. ಇಂದಿನ ಛಾಯಾಗ್ರಾಹಕರು ಓಡಿಹೋಗುವುದೇ ಅಲ್ಲಿಗೆ. ಹಿಲ್‌ರ ಹೆಸರಾದ ಭಾವಚಿತ್ರಗಳು ಹುಟ್ಟಿದ್ದು ಮಾತ್ರ ಆ ವೈಭವದ ಕೆಳಗೆ, ಹಿತ್ತಲಿನ ಒಂದು ಗೋಡೆಯ ಮುಂದೆ.

ಆ ಹಿತ್ತಲನ್ನು ಅವರು ಕೋಣೆಯಂತೆ ಸಜ್ಜುಗೊಳಿಸುತ್ತಿದ್ದರು. ಗೋಡೆಗೆ ಪರದೆ ಇಳಿಬಿಟ್ಟು, ಮೇಜು ಹಾಕಿ, ಮೇಜಿನ ಮೇಲೆ ಬಟ್ಟೆ ಹಾಸಿ, ದಪ್ಪ ಪುಸ್ತಕಗಳನ್ನು ಪೇರಿಸಿಟ್ಟರೆ ನೋಡುವವರಿಗೆ ಅದು ಪಂಡಿತರ ಓದುವ ಕೋಣೆ. ಪುಸ್ತಕಗಳಿಂದ ಎರಡು ಉಪಯೋಗ. ಕೂತವರ ವಿದ್ಯೆಯನ್ನು ಅವು ಸಾರುತ್ತಿದ್ದವು. ಮೊಣಕೈ ಊರಲು, ಕೈ ಅಲುಗದಂತೆ ಹಿಡಿಯಲು ಆಸರೆಯೂ ಆಗುತ್ತಿದ್ದವು. ಹಿಲ್‌ರ ಚಿತ್ರಗಳಲ್ಲಿ ಗಲ್ಲಕ್ಕೆ ಕೈಯಿಟ್ಟು ಯೋಚಿಸುವವರು ಅಷ್ಟೊಂದು ಇರುವುದಕ್ಕೆ ಇದೇ ಕಾರಣ: ಕೈ ತಲೆಯನ್ನೂ, ಮೇಜು ಕೈಯನ್ನೂ ಹಿಡಿದಿಡುತ್ತಿತ್ತು. ಆದರೂ ಸೂಕ್ಷ್ಮವಾಗಿ ನೋಡಿದರೆ ನೆರಳುಗಳು ನಿಜ ಹೇಳುತ್ತವೆ. ಹುಬ್ಬಿನ ಕೆಳಗೆ, ಮೂಗಿನ ಪಕ್ಕದಲ್ಲಿ ಬಿದ್ದ ಗಾಢ ನೆರಳು ಕಿಟಕಿಯ ಬೆಳಕಿನದಲ್ಲ, ನೆತ್ತಿಯ ಮೇಲಿನ ಸೂರ್ಯನದು. ಹಿಲ್ ಆ ನೆರಳಿಗೆ ಹೆದರಲಿಲ್ಲ. ಮುಖದ ಅರ್ಧವನ್ನು ಕತ್ತಲಿಗೆ ಬಿಟ್ಟು ಉಳಿದರ್ಧವನ್ನು ಬೆಳಗಿಸಿ, ಡಚ್ ಚಿತ್ರಕಾರ ರೆಂಬ್ರಾಂಟನನ್ನು ನೆನಪಿಸುವಂಥ ಗಾಂಭೀರ್ಯವನ್ನು ಸಾಧಿಸಿದರು. ಕಾಗದದ ಒರಟು ನಾರು ಸಣ್ಣಪುಟ್ಟ ವಿವರಗಳನ್ನು ನುಂಗಿಹಾಕುತ್ತಿತ್ತು. ಅದನ್ನು ದೋಷವೆಂದು ಅವರು ಎಣಿಸಲಿಲ್ಲ. 1848ರ ಒಂದು ಪತ್ರದಲ್ಲಿ, ಆ ಒರಟುತನವೇ ಕ್ಯಾಲೊಟೈಪ್‌ನ ಜೀವ ಎಂಬರ್ಥದ ಮಾತನ್ನು ಬರೆದಿದ್ದಾರೆ.

ಒಂದು ಚಿತ್ರವನ್ನು ಹತ್ತಿರದಿಂದ ನೋಡಬಹುದು. ‘ಎಡಿನ್‌ಬರೊ ಏಲ್’ ಎಂದು ಹೆಸರಾದ ಅದರಲ್ಲಿ ಮೂವರು ಮೇಜಿನ ಸುತ್ತ ಕೂತಿದ್ದಾರೆ: ಕವಿಯೂ ಗಾಜಿನ ಮೇಲೆ ಚಿತ್ರ ಬರೆಯುವ ಕಲಾವಿದನೂ ಆಗಿದ್ದ ಜೇಮ್ಸ್ ಬ್ಯಾಲಂಟೈನ್, ವೈದ್ಯ ಜಾರ್ಜ್ ಬೆಲ್, ಮತ್ತು ಹಿಲ್. ಮುಂದೆ ಬಿಯರಿನ ಉದ್ದನೆಯ ಗಾಜಿನ ಲೋಟಗಳು. ಯಾರೋ ಆಗಷ್ಟೇ ಹೇಳಿದ ಮಾತಿಗೆ ಮೂವರೂ ನಗುತ್ತಿರುವಂತಿದೆ. ನಗು ನಿಮಿಷಗಟ್ಟಲೆ ನಿಲ್ಲುವ ವಸ್ತುವಲ್ಲ; ಆ ಕಾಲದ ಭಾವಚಿತ್ರಗಳಲ್ಲಿ ಎಲ್ಲರೂ ಬಿಗಿದ ಮುಖದಲ್ಲಿರುವುದು ಅದಕ್ಕೇ. ಗೆಳೆಯರ ಸಲಿಗೆ ಮತ್ತು ಪ್ರಖರ ಬಿಸಿಲು ಎರಡೂ ಕೂಡಿದ್ದರಿಂದ ಈ ಚಿತ್ರ ಸಾಧ್ಯವಾಯಿತು. ಹಿತ್ತಲು ಅವರಿಗೆ ಮನೆಯಂತಿತ್ತು ಎಂಬುದು ಅಲ್ಲಿ ಕಾಣುತ್ತದೆ.

ಆ ಮೆಟ್ಟಿಲುಗಳನ್ನು ಊರಿನ ವಿದ್ವತ್ತೆಲ್ಲ ಹತ್ತಿತು. ನೀತಿಶಾಸ್ತ್ರದ ಪ್ರಾಧ್ಯಾಪಕ ಜಾನ್ ವಿಲ್ಸನ್, 1847ರಲ್ಲಿ ಕ್ಲೋರೋಫಾರ್ಮ್ ಬಳಕೆಗೆ ತಂದ ಹೆರಿಗೆವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್, ಸ್ವತಂತ್ರ ಚರ್ಚಿನ ಮೊದಲ ಅಧ್ಯಕ್ಷ ಥಾಮಸ್ ಚಾಮರ್ಸ್ ಎಲ್ಲರೂ ಆ ಬಿಸಿಲಿಗೆ ಮುಖವೊಡ್ಡಿದವರೇ. ಕಲ್ಲುಕುಟಿಗನಾಗಿ ದುಡಿದು ಭೂವಿಜ್ಞಾನಿಯಾಗಿ, ಪತ್ರಿಕೆಯ ಸಂಪಾದಕನಾಗಿ ಬೆಳೆದ ಹ್ಯೂ ಮಿಲ್ಲರ್‌ನನ್ನು ಅವರು ಕೈಯಲ್ಲಿ ಕೊಡತಿ ಹಿಡಿಸಿ, ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿದರು. ಅವನ ಬದುಕನ್ನು ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. 1845ರ ಆಗಸ್ಟ್‌ನಲ್ಲಿ ಕೆನಡಾದ ಓಜಿಬ್ವೆ ಜನಾಂಗದ ಕಾಕೆವಾಕ್ವೊನಾಬಿ, ಅಂದರೆ ಪಾದ್ರಿ ಪೀಟರ್ ಜೋನ್ಸ್, ತನ್ನ ಜನಾಂಗದ ಉಡುಗೆಯಲ್ಲಿ ಕ್ಯಾಮೆರಾ ಮುಂದೆ ನಿಂತ. ಅಮೆರಿಕದ ಮೂಲನಿವಾಸಿಗಳ ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಅದೊಂದು. ಭಾರತದವರೂ ಬಂದಿದ್ದರು. ಅಫ್ಘಾನ್ ಯುದ್ಧದ ಕಾಲದಲ್ಲಿ ಬ್ರಿಟಿಷರ ಜೊತೆ ಕೆಲಸ ಮಾಡಿ ಹೆಸರಾದ ಕಾಶ್ಮೀರಿ ಮನೆತನದ ಮೋಹನಲಾಲ್‌ರ ಭಾವಚಿತ್ರ ಆ ಸಂಗ್ರಹದಲ್ಲಿದೆ. ಭಾರತೀಯನೊಬ್ಬನ ಮೊತ್ತಮೊದಲ ಛಾಯಾಚಿತ್ರಗಳ ಚರಿತ್ರೆ ಬರೆಯುವವರು ಕಾಲ್ಟನ್ ಗುಡ್ಡವನ್ನು ಬಿಟ್ಟು ಬರೆಯುವಂತಿಲ್ಲ.

ಸ್ಟುಡಿಯೋದ ಕೆಲಸದಲ್ಲಿ ಜೆಸ್ಸಿ ಮ್ಯಾನ್ ಎಂಬ ಹೆಂಗಸು ನೆರವಾಗುತ್ತಿದ್ದಳು. 1844ರಲ್ಲಿ ಸ್ಯಾಕ್ಸನಿಯ ದೊರೆ ಬಂದಾಗ ಒಡೆಯರಿಬ್ಬರೂ ಇರಲಿಲ್ಲವಾಗಿ, ಅಂದು ಕ್ಯಾಮೆರಾ ಹಿಡಿದವಳು ಅವಳೇ ಇರಬೇಕೆಂದು ಚರಿತ್ರೆಕಾರರು ಊಹಿಸುತ್ತಾರೆ.

ಹಿತ್ತಲಿನಿಂದ ಹೊರಬಿದ್ದ ಕ್ಯಾಮೆರಾ ಹೋದ ಜಾಗಗಳಲ್ಲಿ ಗ್ರೇಫ್ರಯರ್ಸ್ ಸ್ಮಶಾನಕ್ಕೆ ಮೊದಲ ಮಣೆ. ಹಳೆಯ ಊರಿನ ದಕ್ಷಿಣದಲ್ಲಿ, ವಿಶ್ವವಿದ್ಯಾಲಯದಿಂದ ಕೂಗಳತೆಯಲ್ಲಿರುವ ಈ ಚರ್ಚಿನ ಆವರಣದ ಸುತ್ತಲ ಗೋಡೆಗಳಿಗೆ ಹದಿನೇಳನೆಯ ಶತಮಾನದ ಸಿರಿವಂತರು ಕಟ್ಟಿಸಿದ ಎತ್ತರದ ಸಮಾಧಿಗಳು ಆತುಕೊಂಡಿವೆ. ಕಂಬ, ಕಮಾನು, ತಲೆಬುರುಡೆ, ದೇವದೂತರ ಕೆತ್ತನೆಗಳಿಂದ ತುಂಬಿದ ಆ ಕಲ್ಲುಗಳು ಎರಡು ಶತಮಾನದ ಮಳೆಗಾಳಿಗೆ ಸವೆದು, ಹೊಗೆಗೆ ಕಪ್ಪಾಗಿ, ಕ್ಯಾಲೊಟೈಪ್‌ಗೆ ಹೇಳಿ ಮಾಡಿಸಿದಂತಾಗಿದ್ದವು. ಕಂದು ಛಾಯೆಯ ಪ್ರಿಂಟಿನಲ್ಲಿ ಕೆತ್ತನೆಯ ಉಬ್ಬುತಗ್ಗುಗಳು ಬೆಳಕು ನೆರಳಿನ ದೊಡ್ಡ ದೊಡ್ಡ ತುಂಡುಗಳಾಗಿ ಮೂಡುತ್ತವೆ. ನಗರದ ನಡುವೆಯೇ ಇದ್ದರೂ ಆವರಣ ಪ್ರಶಾಂತ. ನಿಮಿಷಗಟ್ಟಲೆ ಅಲುಗದೆ ಇರಬೇಕಾದವರಿಗೆ ಅಂಥ ಏಕಾಂತ ಬೇಕೇ ಬೇಕು. ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1931ರಲ್ಲಿ ಛಾಯಾಗ್ರಹಣದ ಚರಿತ್ರೆ ಕುರಿತು ಬರೆದ ಪ್ರಬಂಧದಲ್ಲಿ ಈ ಸ್ಮಶಾನವನ್ನೇ ಎತ್ತಿಕೊಂಡು, ನಿಧಾನವಾದ ರಾಸಾಯನಿಕಗಳು ಜನರನ್ನು ಬಯಲಿನ ಏಕಾಂತಕ್ಕೆ ಕರೆದೊಯ್ದವು, ಅಲ್ಲಿ ಅವರು ನೆಮ್ಮದಿಯಿಂದ ನೆಲೆಸಿದಂತೆ ಕಾಣುತ್ತಾರೆ ಎಂಬ ವಿಚಾರವನ್ನು ಬೆಳೆಸಿದ್ದಾರೆ.

ಆ ಜಾಗಕ್ಕೆ ಇನ್ನೊಂದು ಅರ್ಥವೂ ಇತ್ತು. ಚರ್ಚಿನ ವಿಚಾರದಲ್ಲಿ ದೊರೆಯ ಹಸ್ತಕ್ಷೇಪವನ್ನು ಒಪ್ಪುವುದಿಲ್ಲವೆಂದು ಸ್ಕಾಟ್ಲೆಂಡ್‌ನವರು 1638ರಲ್ಲಿ ರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕತೊಡಗಿದ್ದು ಗ್ರೇಫ್ರಯರ್ಸ್‌ನಲ್ಲೇ. 1843ರಲ್ಲಿ ಹೊರನಡೆದ ಪಾದ್ರಿಗಳು ತಮ್ಮನ್ನು ಆ ಪರಂಪರೆಯ ವಾರಸುದಾರರೆಂದು ಬಗೆದಿದ್ದರು. ಅವರ ಚಿತ್ರ ಬರೆಯಲು ಹೊರಟಿದ್ದ ಹಿಲ್‌ರಿಗೆ ಆ ಕಲ್ಲುಗಳು ಬರೀ ಹಿನ್ನೆಲೆಯಾಗಿರಲು ಸಾಧ್ಯವೇ ಇರಲಿಲ್ಲ. ಡೆನ್ನಿಸ್ಟೌನ್ ಸ್ಮಾರಕದ ಬುಡದಲ್ಲಿ ಸ್ವತಃ ಹಿಲ್ ಬರೆಯುವ ಹಲಗೆ ಹಿಡಿದು ಕೂತಿರುವ, ಪಕ್ಕದಲ್ಲಿ ಅಗಲವಾದ ಲಂಗ ತೊಟ್ಟ ಹೆಣ್ಣುಮಕ್ಕಳು ನಿಂತಿರುವ ಚಿತ್ರಗಳಿವೆ. ಸತ್ತವರ ಕಲ್ಲು, ಬದುಕಿರುವವರ ಹರೆಯ ಒಂದೇ ಚೌಕಟ್ಟಿನಲ್ಲಿ ಒಂದನ್ನೊಂದು ಎತ್ತಿಹಿಡಿಯುತ್ತವೆ. ಸಮಾಧಿ ಅಗೆಯುವ ಕೆಲಸದವನನ್ನೂ ಅವರು ಚಿತ್ರದಲ್ಲಿ ಸೇರಿಸಿಕೊಂಡಿದ್ದಾರೆ. ಅಲ್ಲೇ ಹತ್ತಿರದಲ್ಲಿ ಕೆಲವು ಸಮಾಧಿಗಳ ಮೇಲೆ ಕಬ್ಬಿಣದ ಪಂಜರಗಳು ಈಗಲೂ ಇವೆ. ಅಂಗರಚನಾಶಾಸ್ತ್ರದ ತರಗತಿಗಳಿಗೆ ಮಾರಲು ಹೆಣ ಕದಿಯುವವರಿದ್ದ ಕಾಲದಲ್ಲಿ ಹಾಕಿಸಿದವು ಅವು. ವಿದ್ಯಾನಗರಿಯ ಕೀರ್ತಿಗೆ ಊರಿನ ಬಡವರು ತೆತ್ತ ಬೆಲೆಯನ್ನೂ ಗ್ರೇಫ್ರಯರ್ಸ್ ನೆನಪಿಟ್ಟುಕೊಂಡಿದೆ.

ಮೂರನೆಯ ಜಾಗ ನ್ಯೂಹೇವನ್. ನಗರದ ಉತ್ತರಕ್ಕೆ, ಫೋರ್ತ್ ಕೊಲ್ಲಿಯ ದಡದ ಮೀನುಗಾರರ ಹಳ್ಳಿ. ಅಲ್ಲಿನ ಗಂಡಸರು ದೋಣಿಯಲ್ಲಿ ಹೋಗಿ ಮೀನು ಹಿಡಿದರೆ, ಹೆಂಗಸರು ಬುಟ್ಟಿಯನ್ನು ಬೆನ್ನಿಗೆ ಹೊತ್ತು ಎಡಿನ್‌ಬರೊ ಬೀದಿಗಳಲ್ಲಿ ಕೂಗಿ ಮಾರುತ್ತಿದ್ದರು. ಪಟ್ಟೆಪಟ್ಟೆಯ ಲಂಗಗಳನ್ನು ಒಂದರ ಮೇಲೊಂದು ಉಟ್ಟು, ಬಿಳಿಯ ಟೊಪ್ಪಿಗೆ ಧರಿಸಿದ ಆ ಹೆಂಗಸರನ್ನು ನಗರದಲ್ಲಿ ಗುರುತಿಸದವರಿರಲಿಲ್ಲ. 1844ರಲ್ಲಿ ಹಿಲ್ ಮತ್ತು ಆಡಮ್‌ಸನ್ ಪತ್ರಿಕೆಯಲ್ಲಿ ಆರು ಸಂಪುಟಗಳ ಯೋಜನೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಒಂದು ಫೋರ್ತ್ ಕೊಲ್ಲಿಯ ಮೀನುಗಾರ ಗಂಡಸರು ಹೆಂಗಸರ ಕುರಿತದ್ದು. ಆ ಸಂಪುಟಗಳು ಯೋಜಿಸಿದಂತೆ ಹೊರಬರಲಿಲ್ಲ, ಚಿತ್ರಗಳು ಉಳಿದವು.

ಇಲ್ಲಿ ಜಾಗ ಆಯುವ ರೀತಿಯೇ ಬದಲಾಯಿತು. ರಾಕ್ ಹೌಸಿನಲ್ಲಿ ಪಂಡಿತರಿಗೆ ಓದುವ ಕೋಣೆಯನ್ನು ಕಟ್ಟಿಕೊಡಬೇಕಿತ್ತು. ನ್ಯೂಹೇವನ್‌ನಲ್ಲಿ ಏನನ್ನೂ ಕಟ್ಟಬೇಕಾಗಿರಲಿಲ್ಲ. ಮರಳಿಗೆಳೆದ ದೋಣಿಯ ಒಡಲು, ಮನೆಯ ಗೋಡೆ, ಗಾಳದ ಹಗ್ಗ, ಮೀನಿನ ಬುಟ್ಟಿ ಎಲ್ಲವೂ ಅಲ್ಲೇ ಇದ್ದವು. ದೋಣಿಗೆ ಒರಗಿ ನಿಂತರೆ ಮೈ ಅಲುಗುವುದಿಲ್ಲ, ಬುಟ್ಟಿಯ ಮೇಲೆ ಕೈಯಿಟ್ಟರೆ ಕೈ ನಿಲ್ಲುತ್ತದೆ. ಕಸುಬಿನ ಸಾಮಾನೇ ಆಸರೆಯಾಯಿತು. ಅಪ್ಪನ ದೊಗಳೆ ಪ್ಯಾಂಟನ್ನು ಮಡಚಿ ತೊಟ್ಟು ನಿಂತ ಹುಡುಗನೊಬ್ಬನ ಚಿತ್ರವಿದೆ. ಬಟ್ಟೆಯ ಮಡಿಕೆಗಳಲ್ಲಿ ಬಡತನ, ನಿಂತ ಠೀವಿಯಲ್ಲಿ ನಾಳೆಯ ಮೀನುಗಾರ ಎರಡೂ ಕಾಣುತ್ತವೆ. ಪಾದ್ರಿ ಜೇಮ್ಸ್ ಫೇರ್‌ಬೇರ್ನ್ ಹೆಂಗಸರ ಗುಂಪಿಗೆ ಬೈಬಲ್ ಓದಿ ಹೇಳುತ್ತಿರುವ ಚಿತ್ರ ಇನ್ನೊಂದು. ಬಿಡಿಬಿಡಿಯಾಗಿ ನಿಲ್ಲಿಸಿದರೆ ಒಬ್ಬರಲ್ಲ ಒಬ್ಬರು ಅಲುಗುತ್ತಾರೆಂದು ಹಿಲ್ ಎಲ್ಲರನ್ನೂ ಒಬ್ಬರಿಗೊಬ್ಬರು ಆತು ಕೂರಿಸಿದ್ದಾರೆ. ಆ ಒತ್ತಾಸೆಯೇ ಊರಿನ ಒಗ್ಗಟ್ಟಾಗಿ ಕಾಣುತ್ತದೆ. ಎಲಿಜಬೆತ್ ಜಾನ್‌ಸ್ಟನ್ ಹಾಲ್ ಎಂಬ ಮೀನುಗಾರಳು ಬುಟ್ಟಿಯ ಪಕ್ಕದಲ್ಲಿ ಕಣ್ಣು ತಗ್ಗಿಸಿ ನಿಂತಿರುವ ಚಿತ್ರವಂತೂ ಛಾಯಾಗ್ರಹಣದ ಚರಿತ್ರೆಯಲ್ಲೇ ಹೆಸರಾದದ್ದು. ದುಡಿಯುವ ಜನರನ್ನು ಅವರ ನೆಲದ ಗೌರವದೊಂದಿಗೆ ಕ್ಯಾಮೆರಾ ಕಂಡ ಮೊದಲ ಸಂದರ್ಭಗಳಲ್ಲಿ ನ್ಯೂಹೇವನ್ ಒಂದು.

ಉಳಿದ ಜಾಗಗಳನ್ನು ಬೇಗ ಹೇಳಿ ಮುಗಿಸಬಹುದು. 1846ರಲ್ಲಿ ಕೋಟೆಯೊಳಗೆ ಗಾರ್ಡನ್ ಹೈಲ್ಯಾಂಡರ್ಸ್ ದಳದ ಸೈನಿಕರನ್ನು ಗುಂಪುಗುಂಪಾಗಿ ನಿಲ್ಲಿಸಿ ತೆಗೆದರು. ನಗರದ ಹೊರಗಿನ ಬೊನಾಲಿಯಲ್ಲಿ ನ್ಯಾಯಾಧೀಶ ಲಾರ್ಡ್ ಕಾಕ್‌ಬರ್ನ್‌ರ ಮನೆಯ ಅಂಗಳದಲ್ಲಿ ಕುಟುಂಬದವರನ್ನೂ ಗೆಳೆಯರನ್ನೂ ತೆಗೆದರು. ಆಗಷ್ಟೇ ಕಟ್ಟುತ್ತಿದ್ದ, ಸಾಹಿತಿ ವಾಲ್ಟರ್ ಸ್ಕಾಟ್‌ನ ಸ್ಮಾರಕದ ಕಲ್ಲುಕುಟಿಗರನ್ನು ಅವರು ಕೆತ್ತುತ್ತಿದ್ದ ಕಲ್ಲಿನ ಪಕ್ಕದಲ್ಲೇ ಚಿತ್ರಿಸಿದರು. ಸೇಂಟ್ ಆಂಡ್ರ್ಯೂಸ್‌ಗೆ ಮರಳಿ ಹೋಗಿ ಕಾಲೇಜು, ಪಾಳುಬಿದ್ದ ಕ್ಯಾಥೆಡ್ರಲ್, ಬೀದಿಯಲ್ಲಿ ಸಾಲಾಗಿ ಕೂತು ಗಾಳಕ್ಕೆ ಎರೆ ಸಿಕ್ಕಿಸುವ ಹೆಂಗಸರು ಮಕ್ಕಳನ್ನು ತೆಗೆದು, 1846ರಲ್ಲಿ ಆ ಊರಿನ ದೃಶ್ಯಗಳ ಆಲ್ಬಂ ಹೊರತಂದರು.

ಅದೇ ವರ್ಷಗಳಲ್ಲಿ ಎಡಿನ್‌ಬರೊದ ಕೆಲವು ವಕೀಲರು ಮತ್ತು ವಿದ್ವಾಂಸರು ಸೇರಿ ಕ್ಯಾಲೊಟೈಪ್ ಕ್ಲಬ್ ಮಾಡಿಕೊಂಡಿದ್ದರು. ಜಗತ್ತಿನ ಮೊದಲ ಛಾಯಾಗ್ರಹಣ ಸಂಘಗಳಲ್ಲಿ ಅದಕ್ಕೆ ಸ್ಥಾನವಿದೆ. ಮುಂದೆ ವಿಶ್ವವಿದ್ಯಾಲಯದಲ್ಲಿ ಚರಿತ್ರೆಯ ಪ್ರಾಧ್ಯಾಪಕರಾದ ಕಾಸ್ಮೊ ಇನ್ಸ್ ಅದರ ಸದಸ್ಯ. ಹವ್ಯಾಸಿಗಳಾದ ಅವರು ಹೆಚ್ಚಾಗಿ ಸ್ವಂತ ಮನೆಗಳ ತೋಟದಲ್ಲಿ ಮನೆಮಂದಿಯ ಚಿತ್ರ ತೆಗೆದರು.

ರಾಬರ್ಟ್ ಆಡಮ್‌ಸನ್ 1848ರ ಜನವರಿಯಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಅಲ್ಲಿಗೆ ಆ ಜೋಡಿಯ ಕೆಲಸ ನಿಂತಿತು. ಹಿಲ್ ತಮ್ಮ ಬೃಹತ್ ಚಿತ್ರವನ್ನು 1866ರಲ್ಲಿ ಮುಗಿಸಿದರು. ಅದರಲ್ಲಿ 457 ಮುಖಗಳಿವೆ, ಕ್ಯಾಮೆರಾ ಹಿಡಿದ ಆಡಮ್‌ಸನ್‌ನ ಮುಖವೂ ಸೇರಿ. ಇಪ್ಪತ್ತಮೂರು ವರ್ಷ ದುಡಿದು ಬರೆದ ಆ ಚಿತ್ರಕ್ಕಿಂತ, ಅದಕ್ಕಾಗಿ ಹಿತ್ತಲಿನಲ್ಲಿ ತೆಗೆದ ಟಿಪ್ಪಣಿಗಳೇ ಹೆಚ್ಚು ಕಾಲ ಬಾಳುವ ಕಲೆಯಾದವು.

1851ರಲ್ಲಿ ಗಾಜಿನ ಮೇಲೆ ಕೊಲೋಡಿಯನ್ ಎಂಬ ಹಸಿ ಲೇಪ ಹಚ್ಚುವ ವಿಧಾನ ಬಂದ ಮೇಲೆ ಚಿತ್ರ ಕೆಲವೇ ಸೆಕೆಂಡುಗಳಲ್ಲಿ ಮೂಡತೊಡಗಿತು. ಗಾಜಿನ ಛಾವಣಿಯ ಸ್ಟುಡಿಯೋಗಳು ಎದ್ದವು, ಜನ ಒಳಗೆ ಹೋದರು, ಹಿಂದೆ ಕಂಬ ತೋಟಗಳನ್ನು ಬರೆದ ಪರದೆಗಳು ಇಳಿದವು. ನಿಜವಾದ ಕಲ್ಲನ್ನು ಬಿಟ್ಟು ಬಣ್ಣದ ಕಲ್ಲಿಗೆ ಹೋದ ಈ ತಿರುವು ಕಲೆಗೆ ನಷ್ಟವೇ ಆಯಿತು. ಹಳೆಯ ಹಾದಿಯಲ್ಲಿ ಉಳಿದವರಲ್ಲಿ ಶಸ್ತ್ರವೈದ್ಯ ಥಾಮಸ್ ಕೀತ್ ಮುಖ್ಯರು. 1850ರ ದಶಕದ ಮಧ್ಯದಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ಗ್ರೇಫ್ರಯರ್ಸ್ ಮತ್ತು ಹಳೆಯ ಊರನ್ನು ತೆಗೆದ ಅವರು, ವರ್ಷದಲ್ಲಿ ನಡುಬೇಸಿಗೆಯ ಕೆಲವೇ ವಾರ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಏಳರ ಒಳಗೆ ಅಥವಾ ಸಂಜೆ ನಾಲ್ಕರ ನಂತರದ ಓರೆ ಬಿಸಿಲು ಮಾತ್ರ ಅವರಿಗೆ ಬೇಕಿತ್ತು. ಮುಂಜಾನೆ ಒಲೆಗಳು ಹೊತ್ತಿರುತ್ತಿರಲಿಲ್ಲ, ಬೀದಿಯಲ್ಲಿ ಜನವೂ ಇರುತ್ತಿರಲಿಲ್ಲ.

ಅದೇ ಮೇಣದ ಕಾಗದ ಕನ್ನಡ ನಾಡಿಗೂ ಬಂತು. 1854ರ ಡಿಸೆಂಬರ್‌ನಲ್ಲಿ ಲಿನೇಯಸ್ ಟ್ರೈಪ್ ಹಳೇಬೀಡು, ಬೇಲೂರುಗಳನ್ನೂ, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನೂ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಸೆಕೆಯಲ್ಲಿ ಗಾಜಿನ ಫಲಕದ ಹಸಿ ಲೇಪ ಬೇಗ ಒಣಗಿಹೋಗುತ್ತಿತ್ತು. ಕಾಗದವನ್ನಾದರೆ ಮೊದಲೇ ಸಿದ್ಧಪಡಿಸಿ ಒಯ್ಯಬಹುದಿತ್ತು. ಹಂಪಿಯ ಕಲ್ಲಿಗೂ ಗ್ರೇಫ್ರಯರ್ಸ್‌ನ ಕಲ್ಲಿಗೂ ಈ ನೆಗೆಟಿವ್‌ಗಳು ಕೊಡುವ ಮಾಗಿದ ಕಳೆ ಒಂದೇ ಬಗೆಯದು.

ಎಡಿನ್‌ಬರೊದಲ್ಲಿ ರಾಕ್ ಹೌಸ್ ಛಾಯಾಗ್ರಾಹಕರ ಮನೆಯಾಗಿಯೇ ಮುಂದುವರಿಯಿತು. ಆರ್ಚಿಬಾಲ್ಡ್ ಬರ್ನ್ಸ್, ಥಾಮಸ್ ಆನನ್, ಅಲೆಕ್ಸಾಂಡರ್ ಇಂಗ್ಲಿಸ್ ಮೊದಲಾದವರು ಒಬ್ಬರಾದ ಮೇಲೊಬ್ಬರು ಅಲ್ಲಿ ನೆಲೆಸಿದರು; 1945ರವರೆಗೂ ಅಲ್ಲಿ ಸ್ಟುಡಿಯೋ ಇತ್ತು. ಆನನ್‌ರ ಮಗ ಜೇಮ್ಸ್ ಕ್ರೇಗ್ ಆನನ್ 1890ರ ದಶಕದಲ್ಲಿ ಹಿಲ್ ಮತ್ತು ಆಡಮ್‌ಸನ್‌ರ ಹಳೆಯ ನೆಗೆಟಿವ್‌ಗಳಿಂದ ಹೊಸ ಪ್ರಿಂಟ್‌ಗಳನ್ನು ಮಾಡಿದರು. 1905ರಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವನ್ನು ನ್ಯೂಯಾರ್ಕ್‌ನ ‘ಕ್ಯಾಮೆರಾ ವರ್ಕ್’ ಪತ್ರಿಕೆಯಲ್ಲಿ ಅಚ್ಚು ಹಾಕಿದಾಗ ಮರೆತುಹೋಗಿದ್ದ ಹೆಸರುಗಳು ಲೋಕಕ್ಕೆ ಮತ್ತೆ ತಿಳಿದವು.

ಈಗ ವಿಶ್ವವಿದ್ಯಾಲಯದ ಪದವಿ ಪ್ರದಾನ ನಡೆಯುವ ಮೆಕ್‌ಯುವನ್ ಹಾಲ್‌ನಿಂದ ಗ್ರೇಫ್ರಯರ್ಸ್‌ಗೆ ಕೆಲವೇ ನಿಮಿಷದ ದಾರಿ. ಗೌನು ತೊಟ್ಟ ಮಕ್ಕಳ ಫೋಟೊ ತೆಗೆಸಲು ಜಾಗ ಹುಡುಕುವ ಕುಟುಂಬಗಳಲ್ಲಿ ಕನ್ನಡದವರೂ ಇರುತ್ತಾರೆ. ಗುಡ್ಡದ ನೆತ್ತಿಯ ಕಂಬಗಳಿಗೆ ಓಡುವ ಮೊದಲು ಅವರು ಹಿಲ್ ಮತ್ತು ಆಡಮ್‌ಸನ್‌ರ ಚಿತ್ರಗಳನ್ನು ಒಮ್ಮೆ ನೋಡಬೇಕು. ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಕಲಾ ಗ್ಯಾಲರಿಗಳಲ್ಲೂ ಗ್ಲಾಸ್ಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಅವುಗಳ ದೊಡ್ಡ ಸಂಗ್ರಹಗಳಿವೆ. ಎಡಿನ್‌ಬರೊಗೆ ಹೋಗಲಾಗದವರು ಆ ಸಂಸ್ಥೆಗಳ ಜಾಲತಾಣಗಳಲ್ಲಿ ಮನೆಯಲ್ಲೇ ಕೂತು ನೋಡಬಹುದು.